ತಲೆಕಟ್ಟು ಮೊದಲು

ಧಡ್, ಧಡ್, ಆಮೇಲೆ ಮೆತ್ತಗೆ ಇನ್ನೊಂದು ಧಡ್. ಹೋದ ವರ್ಷದ ದೀಪಾವಳಿಯವರೆಗೂ ಮಸ್ಕಿಯ ನಮ್ಮ ಓಣಿಯಲ್ಲಿ ಗಾಳಿ ಎದ್ದಾಗಲೆಲ್ಲ ಈ ಸದ್ದು ಕೇಳುತ್ತಿತ್ತು. ಕರಿಬಸಪ್ಪನವರ ಹಳೆಯ ಕಿರಾಣಿ ಅಂಗಡಿಯ ತಗಡಿನ ಬೋರ್ಡು ಗೋಡೆಗೆ ಬಡಿಯುವ ಸದ್ದು ಅದು. ಅಂಗಡಿ ಬಸ್ ಸ್ಟ್ಯಾಂಡಿನ ಕಡೆಗೆ ಹೋಗಿ ವರ್ಷಗಳಾದವು. ಅಲ್ಲಿ ಈಗ ಬಣ್ಣಬಣ್ಣದ ಫ್ಲೆಕ್ಸ್ ಇದೆ. ಬೋರ್ಡನ್ನು ಮಾತ್ರ ಇಲ್ಲೇ ಬಿಟ್ಟುಹೋದರು. ಅದರ ಬಲಗಡೆಯ ಕೆಳಗಿನ ಮೊಳೆ ಕಿತ್ತುಹೋಗಿತ್ತು. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರ, ಅಕ್ಷರದ ಎಡಕ್ಕೆ ಕೆಂಪು ನೆರಳು. ಬರೆದವನು ಎದುರು ಮನೆಯ ಪೇಂಟರ್ ಬೀರಲಿಂಗ.

"ಊರ ಮಂದಿ ಬೋರ್ಡು ಎಲ್ಲಾ ನೀನ ಹೊಡದಿ. ಈ ಒಂದಕ್ಕ ಒಂದು ಮೊಳಿ ಹೊಡಿಯಾಕ ಏನು ಧಾಡಿ?" ಎಂದು ಅವನ ಹೆಂಡತಿ ಶೇಖಮ್ಮ ಅಂಗಳ ಗುಡಿಸುತ್ತ ಕೇಳುವಳು.

"ಹೊಡದ್ರ ಸುಮ್ಮಾಗತೈತಿ," ಎನ್ನುವನು ಬೀರಲಿಂಗ.

"ಸುಮ್ಮಾಗಲಿ ಅಂತ ಅಲ್ಲೇನು ಹೊಡಿ ಅನ್ನೋದು?"

"ಬಡಕೊಳ್ಳಾಕತ್ತೈತಿ ಅಂದ್ರ ಇನ್ನಾ ಐತಿ ಅಂತ. ಬಡಕೊಳ್ಳಲಿ ಬಿಡು."

ಬೀರಲಿಂಗನಿಗೆ ಈಗ ಐವತ್ನಾಲ್ಕು. ತೆಳ್ಳಗಿನ ಆಳು. ಬಲಗೈಯ ತೋರುಬೆರಳಿನ ಉಗುರಿನ ಸುತ್ತ ಇನ್ನೂ ಒಂದು ನೀಲಿ ಗೆರೆ ಉಳಿದಿದೆ, ಸೀಮೆಎಣ್ಣೆಗೂ ಹೋಗದ್ದು. ಹುಟ್ಟಿದ್ದು ಪಾಮನಕಲ್ಲೂರಿನಲ್ಲಿ, ಕುರಿ ಕಾಯುವ ಬಾಲಪ್ಪನ ಮೂರನೆಯ ಮಗನಾಗಿ. ಕುರಿಗಳ ಬೆನ್ನಿಗೆ ಆಯಾ ಮನೆಯವರು ತಮ್ಮ ತಮ್ಮ ಗುರುತು ಹಾಕುತ್ತಾರಲ್ಲ, ಬಾಲಪ್ಪನದು ಕೆಂಪು ಬೊಟ್ಟು. ನಾಲ್ಕನೆಯ ಇಯತ್ತೆಯಲ್ಲಿದ್ದ ಮಗ ಒಂದು ದಿನ ಬೊಟ್ಟು ಬಿಟ್ಟು ಅರವತ್ತು ಕುರಿಗಳ ಮೇಲೂ 'ಬಾ' ಎಂದು ಬರೆದ. ಅಪ್ಪ ಬೈದ, ಅಕ್ಕಪಕ್ಕದ ಹಟ್ಟಿಯವರು ನಕ್ಕರು. ಆದರೆ ಸಂಜೆ ಹಿಂಡು ಇಳಿಜಾರಿನಲ್ಲಿ ಇಳಿದು ಬರುವಾಗ ಅರವತ್ತು 'ಬಾ'ಗಳು ಒಂದನ್ನೊಂದು ತಳ್ಳುತ್ತ ಧೂಳೆಬ್ಬಿಸುತ್ತ ಮನೆಗೆ ಬಂದವಂತೆ. "ಅಕ್ಷರ ಓಡೋದನ್ನ ನಾ ಅವತ್ತ ನೋಡಿದ್ದು," ಎಂದು ಅವನು ಈಗಲೂ ಹೇಳುತ್ತಾನೆ.

ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಸಿಂಧನೂರಿನ ಒಬ್ಬ ಪೇಂಟರ್ ಕೈಕೆಳಗೆ ಸೇರಿದ. ಅಕ್ಕಿ ಗಿರಣಿಗಳ ಉದ್ದುದ್ದ ಗೋಡೆಗಳ ಮೇಲೆ ಆಳೆತ್ತರದ ಅಕ್ಷರ ಬರೆಯುತ್ತ ಕೈ ಪಳಗಿಸಿಕೊಂಡ. ಆಮೇಲೆ ಮಸ್ಕಿಗೆ ಬಂದು ತನ್ನದೇ ಡಬ್ಬಿ, ತನ್ನದೇ ಬ್ರಷ್ಷು, ತನ್ನದೇ ಏಣಿ ಮಾಡಿಕೊಂಡ. ಮಸ್ಕಿಯಿಂದ ಲಿಂಗಸೂಗೂರಿಗೆ ಬಸ್ಸಿನಲ್ಲಿ ಹೋಗುತ್ತ ಕಿಟಕಿಯಿಂದ ಓದು ಕಲಿತ ನನ್ನಂಥ ಮಕ್ಕಳು ಎಷ್ಟೋ. ಗೊಬ್ಬರದ ಅಂಗಡಿ, ಟೇಲರ್ ಅಂಗಡಿ, ಟ್ರ್ಯಾಕ್ಟರ್ ಟ್ರಾಲಿಯ ಹಿಂಬದಿ, ಬಾವಿಯ ಕಟ್ಟೆ. ನಾವು ಓದಿದ್ದೆಲ್ಲ ಅವನ ಅಕ್ಷರವೆಂದು ನಮಗೆ ಆಗ ಗೊತ್ತಿರಲಿಲ್ಲ.

ಅವನ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಮೊದಲು ದಾರಕ್ಕೆ ಸುಣ್ಣದ ಪುಡಿ ಹಚ್ಚಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಡುವುದು. ಟಪ್ಪೆಂದು ಗೋಡೆಯ ಮೇಲೆ ನೇರ ಬಿಳಿ ಗೆರೆ. ಆ ಗೆರೆಯಗುಂಟ ಸಾಲಿನ ಎಲ್ಲ ಅಕ್ಷರಗಳ ತಲೆಕಟ್ಟನ್ನು ಮೊದಲು ಹಾಕಿಬಿಡುವುದು, ಈ ತುದಿಯಿಂದ ಆ ತುದಿಯವರೆಗೆ. ಮೈ ಆಮೇಲೆ. ಹೀಗೆ ಮಾಡಿದರೆ ಸಾಲು ಎಲ್ಲಿ ಮುಗಿಯುತ್ತದೆಂದು ಮೊದಲೇ ತಿಳಿಯುತ್ತದೆ, ಕೊನೆಯ ಅಕ್ಷರ ಮೂಲೆಯಲ್ಲಿ ಮುದುಡಿ ಕೂರುವ ಗತಿ ಬರುವುದಿಲ್ಲ. ಬೇರೆ ಪೇಂಟರುಗಳ ಬೋರ್ಡಿನಲ್ಲಿ 'ಅಂಗಡಿ'ಯ 'ಡಿ' ಯಾವಾಗಲೂ ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ನಿಂತಿರುತ್ತಿತ್ತು. ಬೀರಲಿಂಗನ ಬೋರ್ಡಿನಲ್ಲಿ ಎಲ್ಲ ಅಕ್ಷರಕ್ಕೂ ಆರಾಮಾಗಿ ಕೂರಲು ಜಾಗ.

ಆಮೇಲೆ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸ ಮೂರು ನಿಮಿಷಕ್ಕೆ ಇಳಿಯಿತು. ಬೀರಲಿಂಗ ಜಗಳಾಡಲಿಲ್ಲ. ಬ್ರಷ್ಷುಗಳನ್ನು ತೊಳೆದು ಹಳೆಯ ಬನಿಯನ್ನಿನಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟು, ಅದೇ ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಹೋದ. ಅಂಗಡಿ ನಡೆಸುವವನು ಆಸೀಫ್. ಮೂವತ್ತಾರರ ಪ್ರಾಯ, ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸೂ ತೆಗೆದುಕೊಳ್ಳುವವನು. ಬೀರಲಿಂಗ ಅವನ ಪಕ್ಕ ಕುರ್ಚಿ ಹಾಕಿಕೊಂಡು ಮೌಸ್ ಹಿಡಿಯಲು ಕಲಿತ. ಹುಟ್ಟುಹಬ್ಬಕ್ಕೆ, ಗೃಹಪ್ರವೇಶಕ್ಕೆ, ಶ್ರದ್ಧಾಂಜಲಿಗೆ ಅಕ್ಷರ ಆರಿಸಿ ಇಟ್ಟ. ಊರಿನ ತನ್ನ ಬೋರ್ಡುಗಳು ಒಂದೊಂದೇ ಇಳಿದುಹೋಗುವುದನ್ನು ಅವನು ಎಣಿಸುತ್ತಿದ್ದ. ಈಗ ಮಸ್ಕಿಯಲ್ಲಿ ಉಳಿದದ್ದು ಕರಿಬಸಪ್ಪನವರದೊಂದು.

ಸಾಲಗುಂದದ ಸರ್ಕಾರಿ ಸಾಲಿಯ ಭುವನೇಶ್ವರಿ ಟೀಚರ್ ಅಂಗಡಿಗೆ ಬಂದದ್ದು ಆ ದಿನಗಳಲ್ಲಿ, ಸಾಲಿಯ ಕಾರ್ಯಕ್ರಮಕ್ಕೆ ಬ್ಯಾನರ್ ಮಾಡಿಸಲು. ಒಂದು ಸಂಸ್ಥೆಯವರು ಅವರ ಮೂರನೆಯ ಇಯತ್ತೆಗೆ ಪೆನ್ನಿನಿಂದ ಬರೆಯುವ ಹನ್ನೆರಡು ಟ್ಯಾಬ್ ಕೊಟ್ಟಿದ್ದರು. ಅದರಲ್ಲಿ ಬರವಣಿಗೆ ಕಲಿಸಲು ಇದ್ದದ್ದು ಇಂಗ್ಲಿಷ್ ಅಕ್ಷರ. ಮಕ್ಕಳು ಅದರಲ್ಲಿ ಆನೆ, ನವಿಲು ಬಿಡಿಸಿಕೊಂಡು ಕೂತಿದ್ದವು.

"ಕನ್ನಡದ್ದು ಯಾರೂ ಸರಿಯಾಗಿ ಮಾಡಿಲ್ಲೇನ್ರಿ ಆಸೀಫಣ್ಣ? ಪಾಟಿ ಮ್ಯಾಲೆ ನಾವು ಬರದುಕೊಟ್ರ ಮಕ್ಕಳು ಅದರ ಮ್ಯಾಲೆ ತಿದ್ದತಾವಲ್ಲ, ಹಂಗ?"

"ನಾ ಮಾಡ್ತೀನ್ರಿ," ಎಂದ ಆಸೀಫ್, ಕೀಲಿಮಣೆಯಿಂದ ತಲೆ ಎತ್ತದೆ.

"ಅಕ್ಷರ ಎಲ್ಲಿಂದ ತರ್ತಿ?" ಬೀರಲಿಂಗ ಕೇಳಿದ.

"ಕಂಪ್ಯೂಟರ್‌ನಾಗ ಬೇಕಾದಷ್ಟು ಅದಾವಲ್ಲ."

"ಅವು ಅಚ್ಚಿನವು ಲೇ. ಸಣ್ಣ ಮಕ್ಕಳಿಗೆ ಕೈಯಾಗಿಂದು ಬೇಕು."

ಟೀಚರ್ ಬ್ಯಾನರಿನ ವಿಚಾರ ಬಿಟ್ಟು ಅವನನ್ನೇ ನೋಡಿದರು. ಹಾಗೆ ಶುರುವಾದದ್ದು ಅದು. ಟ್ಯಾಬಿನಲ್ಲಿ ಕನ್ನಡ ಬರೆಯಲು ಕಲಿಸುವ ಆ ಆ್ಯಪಿಗೆ ಅವರು ಸ್ಲೇಟಿನ ಹೆಸರನ್ನೇ ಇಟ್ಟರು, 'ಪಾಟಿ'.

ಭಾನುವಾರಗಳಂದು ಅಂಗಡಿಯ ಅರ್ಧ ಬಾಗಿಲು ಎಳೆದು ಇಬ್ಬರೂ ಕೂರುವರು. ಬೀರಲಿಂಗ ಟ್ಯಾಬಿನ ಗಾಜಿನ ಮೇಲೆ ಪೆನ್ನಿನಿಂದ ಬರೆಯುವನು. ಪೆನ್ನು ಎಲ್ಲಿ ಊರಿತು, ಯಾವ ಕಡೆ ತಿರುಗಿತು, ಎಲ್ಲಿ ಎದ್ದಿತು, ಎಷ್ಟು ಒತ್ತಿತು ಎಂಬುದನ್ನೆಲ್ಲ ಯಂತ್ರ ಚುಕ್ಕಿ ಚುಕ್ಕಿಯಾಗಿ ಹಿಡಿದಿಡುವುದು. ಮಗು ಪಾಟಿ ತೆರೆದರೆ ಆ ಅಕ್ಷರ ತಿಳಿ ಬೂದುಬಣ್ಣದಲ್ಲಿ ಮೂಡುವುದು. ಅದರ ಮೇಲೆ ಅದೇ ದಾರಿಯಲ್ಲಿ ತಿದ್ದಿದರೆ ಹಸಿರಾಗುವುದು. ದಾರಿ ತಪ್ಪಿದರೆ, ಹಿಂದಿನದು ಮುಂದಾದರೆ, ಅಕ್ಷರ ತಲೆ ಅಲ್ಲಾಡಿಸಿ ಅಳಿಸಿಹೋಗುವುದು. ಮೊದಲು ಬಿಡಿ ಅಕ್ಷರ, ಕಾಗುಣಿತ, ಆಮೇಲೆ ಪದ. ಎಂಟು ತಿಂಗಳು ಹಿಡಿಯಿತು.

ಕೊನೆಯ ಪದ ಬರೆದ ದಿನ ಬೀರಲಿಂಗ ಪೆನ್ನು ಕೆಳಗಿಟ್ಟು ಕೇಳಿದನಂತೆ, "ಆಸೀಫ, ನನ್ನ ಅಕ್ಷರ ಎಲ್ಲಾ ಮಳಿಗೆ ಬಿಸಲಿಗೆ ಹೋದವು. ಇದರಾಗಿನವು ಹೋಗಂಗಿಲ್ಲಲ್ಲ?"

"ಗಾಜಿನ ಒಳಗ ಇರ್ತಾವ ಬೀರಣ್ಣ. ಮಳಿ ಎಲ್ಲಿಂದ ಬರ್ತೈತಿ?"

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಎಲ್ಲಾದರೂ ಒಂದು ಕಡೆ ತನ್ನ ಅಕ್ಷರ ಉಳಿಯಬೇಕು. ಗೋಡೆಯ ಮೇಲಾಗದಿದ್ದರೆ ಮಕ್ಕಳ ಕೈಯಲ್ಲಿ.

ಮೊದಲ ಮೂರು ತಿಂಗಳು ಸಾಲಗುಂದದಿಂದ ಬಂದದ್ದು ಬರೀ ಹೊಗಳಿಕೆ. ಭುವನೇಶ್ವರಿ ಟೀಚರ್ ಮಕ್ಕಳ ಬರಹದ ಫೋಟೋ ಕಳಿಸುವರು. ಎಂಟು ವರ್ಷದ ಮಕ್ಕಳ ಕೈಯಲ್ಲಿ ಗಿರಣಿ ಗೋಡೆಯ ಅಕ್ಷರಗಳು, ಸಣ್ಣದಾಗಿ, ಸಾಲು ತಪ್ಪದೆ. ಬೀರಲಿಂಗ ಆ ಫೋಟೋಗಳನ್ನು ಶೇಖಮ್ಮನಿಗೆ ತೋರಿಸುವನು. "ಇದು ಬೋರ್ಡಿನಂಗ ಬಡಕೊಳ್ಳಂಗಿಲ್ಲಲ್ಲ, ಛಲೋ ಆತು," ಎನ್ನುವಳು ಅವಳು.

ದೀಪಾವಳಿಗೆ ಹದಿನೈದು ದಿನ ಇರುವಾಗ ಟೀಚರ್ ಫೋನು ಬಂತು. "ಪೇಂಟರ್ರೇ, ನಾಳೆ ಒಂದು ಸಲ ಬಂದು ಹೋಗ್ರಿ. ಫೋನಿನಾಗ ಹೇಳಿದ್ರ ನೀವು ನಂಬಂಗಿಲ್ಲ."

ಆಸೀಫನ ಗಾಡಿಯ ಮೇಲೆ ಇಬ್ಬರೂ ಹೋದರು. ಕಾಲುವೆ ದಾಟಿದ ಮೇಲೆ ಎರಡೂ ಕಡೆ ಭತ್ತ ಹಾಲುಗಾಳು ಕಟ್ಟಿತ್ತು. ಸಾಲಿಯಲ್ಲಿ ಮೂರನೆಯ ಇಯತ್ತೆ ನೆಲದ ಮೇಲೆ ಸಾಲಾಗಿ ಕೂತಿತ್ತು. ಟ್ಯಾಬಿನಲ್ಲಿ ಕಲಿತ ಹನ್ನೆರಡು ಮಕ್ಕಳು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಎಲ್ಲರ ಮುಂದೂ ನೋಟ್‌ಬುಕ್ಕು.

"ಉಕ್ತಲೇಖನ. ನಗರ," ಎಂದರು ಟೀಚರ್.

ಆ ಕಡೆಯ ಮಕ್ಕಳು ಬರೆದು ತಲೆ ಎತ್ತಿದವು. ಈ ಕಡೆ ಹನ್ನೆರಡೂ ಮಕ್ಕಳು ಮೂರು ತಲೆಕಟ್ಟು ಹಾಕಿ, ಅವುಗಳ ನಡುವಿನ ಜಾಗ ನೋಡುತ್ತ ಕೂತಿದ್ದವು.

"ಕಮಲ."

ಎರಡು ತಲೆಕಟ್ಟು, ಪಕ್ಕದಲ್ಲಿ ಲ-ಗೆ ಬಿಟ್ಟ ಖಾಲಿ.

"ಹೊಲದ ದಾರಿ."

"ಅಕ್ಕೋರೇ," ಮುಂದಿನ ಸಾಲಿನ ಒಂದು ಹುಡುಗಿ ಕೈ ಎತ್ತಿತು. "ಎಷ್ಟು ಅಕ್ಷರ ಅದಾವ್ರಿ? ಮೊದಲಾ ಹೇಳ್ರಿ."

ಆ ಕಡೆಯ ಹುಡುಗರು ಬಿದ್ದು ಬಿದ್ದು ನಕ್ಕರು. ಹತ್ತು ಪದ ಮುಗಿಯುವ ಹೊತ್ತಿಗೆ ಈ ಕಡೆಯ ಹಾಳೆಗಳಲ್ಲಿ ಇದ್ದದ್ದು ಮೈಯಿಲ್ಲದ ತಲೆಕಟ್ಟುಗಳು, ಸಾಲು ಸಾಲು. ಮಕ್ಕಳ ಚಿತ್ರದಲ್ಲಿ ಗುಡ್ಡದ ಮೇಲೆ ಹಾರಿಹೋಗುವ ಹಕ್ಕಿಗಳಿರುತ್ತವಲ್ಲ, ಹಾಗೆ.

ಬೀರಲಿಂಗ ಬಗ್ಗಿ ಒಂದು ನೋಟ್‌ಬುಕ್ಕು ಎತ್ತಿಕೊಂಡ. ಯಾರೂ ಹೇಳಬೇಕಾಗಿರಲಿಲ್ಲ. ಪಾಟಿಯಲ್ಲಿ ಪ್ರತಿ ಪದವನ್ನೂ ಅವನು ಗೋಡೆಯ ಮೇಲೆ ಬರೆದಂತೆಯೇ ಬರೆದಿದ್ದ. ಮೊದಲು ಇಡೀ ಪದದ ತಲೆಕಟ್ಟು, ಆಮೇಲೆ ಮೈ. ಮೈ ಬರೆಯುವ ಮೊದಲೇ ಮಕ್ಕಳಿಗೆ ಮುಂದಿನ ಪದ ಬಂದುಬಿಡುತ್ತಿತ್ತು.

"ನೀ ನೋಡಬೇಕಿಲ್ಲೇನಲೇ?" ಅವನು ಆಸೀಫನನ್ನು ಕೇಳಿದ.

"ನಾ ಉರ್ದು ಮೀಡಿಯಂ ಬೀರಣ್ಣ. ಕನ್ನಡ ಟೈಪ್ ಮಾಡೀನಿ, ಕೈಯಿಂದ ಎಲ್ಲಿ ಬರದೀನಿ? ನೀ ಬರದಂಗ ಬರದ್ರ ಸರಿ, ಇಲ್ಲಂದ್ರ ತಪ್ಪು ಅಂತ ಹಾಕೀನಿ."

ಟೀಚರ್ ಕೈ ಎತ್ತಿದ್ದ ಹುಡುಗಿಯ ತಲೆಯ ಮೇಲೆ ಕೈಯಿಟ್ಟರು. ಹೆಸರು ಗ್ಯಾನಮ್ಮ, ಅಜ್ಜಿಯ ಹೆಸರು. ತಾಯಿ ತಂದೆ ಗದ್ದೆ ಕೂಲಿಗೆ ಹೋಗುವವರು. "ಈಕಿ ಮೊದಲು ಸರಿ ಬರೀತಿದ್ಲು ನೋಡ್ರಿ. ಪಾಟಿ ತಲಿ ಅಲ್ಲಾಡಿಸಿ ಅಲ್ಲಾಡಿಸಿ ಅಳಿಸಿಬಿಡ್ತು. ಅತ್ತಳು. ಆಮ್ಯಾಲೆ ಹಸಿರು ಬರಲಿ ಅಂತ ಹಿಂಗ ಕಲತಳು." ಅವಳ ನೋಟ್‌ಬುಕ್ಕು ತೋರಿಸಿ ಹೇಳಿದರು, "ಅಕ್ಷರ ಚಂದ ಅದಾವ. ಅದಕ್ಕ ಇಷ್ಟು ದಿನ ನನಗೂ ತಿಳೀಲಿಲ್ಲ. ಆದ್ರ ಇವು ಬರ್ಯಾಕತ್ತಿಲ್ಲ ಪೇಂಟರ್ರೇ, ಬೋರ್ಡು ಮಾಡಾಕತ್ತಾವ. ಸಂಕ್ರಾಂತಿ ಆದ ಮ್ಯಾಲೆ ಸಂಸ್ಥೆಯವರು ಬರ್ತಾರ. ಇದ ಉಕ್ತಲೇಖನ ಬರಸ್ತಾರ. ಹಿಂಗ ಇದ್ರ ಟ್ಯಾಬ್ ಬ್ಯಾರೆ ಸಾಲಿಗೆ ಹೋಗ್ತಾವ."

ಮಸ್ಕಿಗೆ ಮರಳಿದವರು ನೇರ ಅಂಗಡಿಗೆ ಹೋಗಿ ಟ್ಯಾಬ್ ತೆರೆದರು.

ಆ ವಾರವೆಲ್ಲ ಬೀರಲಿಂಗ ತಾನೇ ಬರೆಯಲು ನೋಡಿದ. ಬರೆಯುವುದು, ಎಲ್ಲರೂ ಬರೆಯುವ ಹಾಗೆ, ಒಂದಾದ ಮೇಲೊಂದು ಅಕ್ಷರ. ಗಾಜಿನ ಮೇಲೆ 'ಮರ' ಎಂದು ಬರೆದು ಆಸೀಫನಿಗೆ ಕೊಡುವನು. ಆಸೀಫ್ ಅದನ್ನು ನಿಧಾನವಾಗಿ ಓಡಿಸಿ ತೋರಿಸುವನು. ಮ-ದ ಹೊಟ್ಟೆ ಎರಡು ತುಂಡಾಗಿ, ಒಂದು ಕೆಳಗಿನಿಂದ, ಒಂದು ಮೇಲಿನಿಂದ ಬಂದು ನಡುವೆ ಕೂಡಿಕೊಳ್ಳುವುದು. ಬ್ರಷ್ಷಿನ ಬಣ್ಣ ಇಳಿಯದಿರಲೆಂದು ಮೂವತ್ತು ವರ್ಷ ಕಲಿತ ಕೈ.

"ಇದು ಬರೆಯೋದಲ್ಲ ಬೀರಣ್ಣ, ಗೋಡಿಗೆ ಗಿಲಾಯಿ ಮಾಡೋದು."

"ಇನ್ನೊಮ್ಮೆ ತಗಿ."

"ಐವತ್ತು ಸಲ ಆತು."

"ತಗಿ ಅಂದೆ."

ಐವತ್ತೊಂದನೆಯ ಸಲವೂ ಹಾಗೆಯೇ. ಬೀರಲಿಂಗ ಪೆನ್ನಿಟ್ಟು ತನ್ನ ಕೈಯನ್ನು ಮೇಲೆ ಕೆಳಗೆ ಮಾಡಿ ನೋಡಿಕೊಂಡ. ಸಾಲಿ ಬಿಟ್ಟ ಮೇಲೆ ತಾನು ಯಾರಿಗೂ ಒಂದು ಕಾಗದ ಬರೆದದ್ದು ಅವನಿಗೆ ನೆನಪಾಗಲಿಲ್ಲ. ಇಡೀ ತಾಲೂಕಿಗೆ ಅಕ್ಷರ ಹಚ್ಚಿದವನು ಒಂದು ಸಾಲು ಬರೆದಿರಲಿಲ್ಲ.

"ಬ್ಯಾರೆ ಒಬ್ರ ಕೈ ಹಾಕೋಣ," ಎಂದ ಕೊನೆಗೆ. "ನಂದು ತಗದುಬಿಡು."

"ಎಲ್ಲಾ?"

"ಎಲ್ಲಾ."

ಆ ಸಂಜೆ ಮನೆಗೆ ಬಂದವನು ಒಳಗೆ ಹೋಗಲಿಲ್ಲ. ಸುತ್ತಿಗೆ ತಂದು, ಕರಿಬಸಪ್ಪನವರ ಅಂಗಡಿಯ ಕಟ್ಟೆ ಹತ್ತಿ, ಬೋರ್ಡಿನ ಬಲಗಡೆಯ ಕೆಳಗಿನ ಮೂಲೆಗೆ ಒಂದು ಮೊಳೆ ಹೊಡೆದ. ಮೂರು ಏಟು. ಅಂಗಳ ಗುಡಿಸುತ್ತಿದ್ದ ಶೇಖಮ್ಮ ಕಸಬರಿಗೆ ಹಿಡಿದೇ ನಿಂತು ನೋಡಿದಳು. ಅಂದಿನಿಂದ ನಮ್ಮ ಓಣಿಯಲ್ಲಿ ಗಾಳಿ ಬೀಸಿದರೂ ಸುಮ್ಮನೆ ಬೀಸಿ ಹೋಗುತ್ತದೆ.

ಬೇರೆ ಕೈ ಯಾರದೆಂದು ಅವನಿಗೆ ಆಗಲೇ ಗೊತ್ತಿತ್ತು. ಲಿಂಗಸೂಗೂರಿನ ತಹಶೀಲ್ದಾರ್ ಕಚೇರಿಯ ಎದುರು, ಝೆರಾಕ್ಸ್ ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ನಲವತ್ತು ವರ್ಷಗಳಿಂದ ಕೂತು ಜನರಿಗೆ ಅರ್ಜಿ ಬರೆದುಕೊಡುವ ಅಮೀನ್‌ಸಾಬ್. ಈಗ ಅರ್ಜಿಗಳೆಲ್ಲ ಕಂಪ್ಯೂಟರಿನಲ್ಲೇ ಆಗುತ್ತವೆ. ಆದರೂ ಅವರು ದಿನಾ ಬಂದು ಮಡಚುವ ಕುರ್ಚಿ ಬಿಚ್ಚಿ ಕೂರುತ್ತಾರೆ. ಅವರ ತಲೆಯ ಮೇಲಿನ ಸಣ್ಣ ಬೋರ್ಡು ಬರೆದವನು ಬೀರಲಿಂಗನೇ, ಹರೆಯದಲ್ಲಿ. ಬಣ್ಣ ಹಾರಿ ಈಗ 'ಬರೆದುಕೊಡಲಾಗುವುದು' ಎಂಬಷ್ಟು ಮಾತ್ರ ಕಾಣುತ್ತದೆ.

"ಬಾ ಪೇಂಟರ್," ಅಮೀನ್‌ಸಾಬ್ ಕನ್ನಡಕದ ಮೇಲಿಂದ ನೋಡಿದರು. "ಆ ಬೋರ್ಡು ಬರಿಯಾಕ ಒಂದು ದಿನ ತಗೊಂಡಿದ್ದಿ. ಅಷ್ಟರಾಗ ನಾ ಹನ್ನೊಂದು ಅರ್ಜಿ ಬರದಿದ್ದೆ. ಇನ್ನಾ ಹಂಗ ಅದಿ ಏನು?"

"ಹಂಗ ಅದೀನಿ ಚಾಚಾ. ಅದಕ್ಕ ನಿಮ್ಮ ಹಂತ್ಯಾಕ ಬಂದೀನಿ."

ಆಸೀಫ್ ಟ್ಯಾಬ್ ತೆಗೆದು ಕೊಟ್ಟ. ಅಮೀನ್‌ಸಾಬ್ ಪೆನ್ನಿನ ಮೂತಿ ನೋಡಿದರು, ಅಲ್ಲಾಡಿಸಿದರು. "ಶಾಯಿ?"

"ಶಾಯಿ ಇಲ್ರಿ ಚಾಚಾ."

"ಶಾಯಿ ಇಲ್ದ ಬರದ್ರ ಅರ್ಜಿ ಮಂಜೂರಾಗತೈತೇನಲೇ?"

ಗಾಜಿನ ಮೇಲೆ ಪೆನ್ನು ಜಾರಿತು. ಅವರು ಮುಖ ಸಿಂಡರಿಸಿದರು. ಆಸೀಫ್ ಝೆರಾಕ್ಸ್ ಅಂಗಡಿಯಿಂದ ಒಂದು ತೆಳು ಒರಟು ಹಾಳೆ ತಂದು ಗಾಜಿಗೆ ಅಂಟಿಸಿಕೊಟ್ಟ. ಈಗ ಕಾಗದದ ಸಪ್ಪಳ ಬಂತು. ಅಮೀನ್‌ಸಾಬ್ ತಲೆದೂಗಿದರು.

"ಗ ಬರೀರಿ ಚಾಚಾ," ಎಂದ ಆಸೀಫ್.

ಪೆನ್ನು ಊರಿ ನಿಂತಿತು. ಮುಂದೆ ಹೋಗಲಿಲ್ಲ.

"ಯಾವ ಗ?"

"ಬರೇ ಗ."

"ಬರೇ ಗ ನಾ ಯಾವತ್ತೂ ಬರದಿಲ್ಲಪಾ," ಅವರು ಪೆನ್ನು ಎತ್ತಿದರು. "ಯಾರರ ಬಂದು ಎದುರಿಗೆ ಕುಂತು ತ್ರಾಸ ಹೇಳಬೇಕು. ಆಗ ಕೈ ಓಡತೈತಿ. ಸುಮ್ಮ ಗ ಬರಿ ಅಂದ್ರ ಎಲ್ಲಿಂದ ಬರೀಲಿ?"

ಆಸೀಫ್ ಬೀರಲಿಂಗನ ಕಡೆ ನೋಡಿದ. ಬೀರಲಿಂಗ ಅರ್ಜಿದಾರರು ಕೂರುವ ಕಲ್ಲಿನ ಮೇಲೆ ಕೂತ.

"ಬರೀರಿ ಹಂಗಾರ. ನಂದ ಒಂದು ಅರ್ಜಿ ಐತಿ."

"ಯಾರಿಗೆ? ತಹಶೀಲ್ದಾರ್ ಸಾಹೇಬ್ರಿಗೋ, ಸಾಲಿ ಆಫೀಸಿಗೋ?"

"ಯಾರಿಗರ."

ಅಮೀನ್‌ಸಾಬರ ಕೈ ಹೊರಟಿತು. ಮಾನ್ಯರೇ, ಮಸ್ಕಿಯಲ್ಲಿ ವಾಸವಾಗಿರುವ ಬೀರಲಿಂಗ ತಂದೆ ಬಾಲಪ್ಪ, ವಯಸ್ಸು ಐವತ್ಮೂರು, ಉದ್ಯೋಗ... ಇಲ್ಲಿ ಅವರು ತಲೆ ಎತ್ತಿದರು. "ಪೇಂಟರ್ ಅಂತನ ಬರೀಲೇನು?"

"ಬರೀರಿ."

ಬೀರಲಿಂಗ ಹೇಳುತ್ತ ಹೋದ. ಸಿಂಧನೂರಿನ ಗಿರಣಿ ಗೋಡೆಗಳು. ಮಸ್ಕಿ ಬಸ್ ಸ್ಟ್ಯಾಂಡಿನ ಸಾಲು. ಬಾವಿ ಕಟ್ಟೆಗಳು, ಟ್ರಾಲಿಗಳು, ಅವು ಒಂದೊಂದಾಗಿ ಹೋದದ್ದು. ಅಮೀನ್‌ಸಾಬ್ ಪಿಸುದನಿಯಲ್ಲಿ ಓದಿಕೊಳ್ಳುತ್ತ ಬರೆದರು. ಪೆನ್ನು ಎಲ್ಲಿಯೂ ತಡೆಯಲಿಲ್ಲ. ಮೈ, ತಲೆಕಟ್ಟು, ಮೈ, ತಲೆಕಟ್ಟು, ನಡೆಯುವವರ ಹೆಜ್ಜೆಯ ಹಾಗೆ. ಚಂದವೆನ್ನುವಂಥ ಅಕ್ಷರವಲ್ಲ. ಆದರೆ ಯಾರು ಯಾವ ಅವಸರದಲ್ಲಿದ್ದರೂ ಓದಬಹುದಾದದ್ದು.

"ಪರಿಹಾರ ಏನು ಬೇಕು ಅಂತ ಹೇಳು," ಎಂದರು ಕೊನೆಗೆ. "ಪರಿಹಾರ ಕೇಳದ ಅರ್ಜಿ ಇಲ್ಲ."

ಬೀರಲಿಂಗ ಅವರ ತಲೆಯ ಮೇಲಿನ ಮಾಸಿದ ಬೋರ್ಡನ್ನು ನೋಡಿದ. "ಏನೂ ಬ್ಯಾಡ್ರಿ. ಇದ್ದವು ಅಂತ ಬರಕೊಳ್ರಿ, ಸಾಕು."

ಅಮೀನ್‌ಸಾಬ್ ಅದನ್ನು ತಮ್ಮ ಭಾಷೆಗೆ ತಂದುಕೊಂಡು ಬರೆದರು. ಸದರಿ ಅಕ್ಷರಗಳನ್ನು ದಾಖಲೆಗೆ ತೆಗೆದುಕೊಳ್ಳಬೇಕಾಗಿ ವಿನಂತಿ.

ಬೀರಲಿಂಗ ಎದ್ದು ನೀರು ಕುಡಿದು ಬರು‌ತ್ತೇನೆಂದು ಹೋದ. ಬರಲು ಸ್ವಲ್ಪ ತಡವಾಯಿತು.

ಮುಂದಿನ ಮೂರು ಭಾನುವಾರ, ಕಚೇರಿಗೆ ರಜೆ ಇದ್ದ ದಿನ, ಅಮೀನ್‌ಸಾಬ್ ನೆನಪಿನಿಂದ ಹಳೆಯ ಅರ್ಜಿಗಳನ್ನು ಬರೆದುಕೊಟ್ಟರು. ಓಣಿಗೆ ನೀರಿನ ನಳ ಬೇಕೆಂದದ್ದು, ಹೆಸರು ತಪ್ಪಾಗಿದೆಯೆಂದದ್ದು, ಹೊಲದ ದಾರಿ ಮುಚ್ಚಿದ್ದಾರೆಂದದ್ದು. ಆಸೀಫ್ ಅವುಗಳಿಂದ ಒಂದೊಂದೇ ಅಕ್ಷರ ಬಿಡಿಸಿ ಪಾಟಿಗೆ ಹಾಕಿದ. ಝ ಸಿಗದೆಂದು ಹೆದರಿದ್ದ. ಅದು ಪ್ರತಿ ಅರ್ಜಿಯ ಕೊನೆಗೂ 'ಝರಾಕ್ಸ್ ಪ್ರತಿ ಲಗತ್ತಿಸಿದೆ' ಎಂದು ಬಂದು ನಿಂತಿತ್ತು. ಕೊನೆಗೆ ಸಿಗದೆ ಉಳಿದವು ಮೂರು. ಋ, ಙ, ಞ.

"ಇವು ನನ್ನ ಹಂತ್ಯಾಕ ಯಾವತ್ತೂ ಬಂದಿಲ್ಲ," ಎಂದರು ಅಮೀನ್‌ಸಾಬ್. "ಇವಕ್ಕ ಏನೂ ತ್ರಾಸ ಇಲ್ಲ ಅಂತ ಕಾಣತೈತಿ."

ಆಸೀಫ್ ಬೀರಲಿಂಗನಿಗೆ ಹೇಳಿದ, "ಈ ಮೂರಕ್ಕೂ ತಲೆಕಟ್ಟ ಇಲ್ಲ ಬೀರಣ್ಣ. ಮೊದಲು ಯಾವುದು, ಆಮ್ಯಾಲೆ ಯಾವುದು ಅನ್ನೋ ಜಗಳ ಇಲ್ಲ. ನಿನ್ನವ ಇರ್ಲಿ?"

"ಯಾರೂ ಬರಿಯದವು ನನಗ ಉಳಿದ್ವೇನಲೇ?"

"ಉಳಿದ್ವಲ್ಲ."

ಬೀರಲಿಂಗ ನಕ್ಕ. ಬಹಳ ದಿನಗಳ ಮೇಲೆ ನಕ್ಕನೆಂದು ಆಸೀಫ್ ಆಮೇಲೆ ಹೇಳಿದ.

ಕಲಿತದ್ದನ್ನು ಬಿಡಿಸುವುದು ಸುಲಭವಾಗಲಿಲ್ಲ. ಎರಡು ತಿಂಗಳು ಮಕ್ಕಳು ಹೊಸ ಅಕ್ಷರಗಳ ಮೇಲೆ ತಿದ್ದಿದವು. ಬೀರಲಿಂಗ ವಾರಕ್ಕೊಮ್ಮೆ ಸಾಲಗುಂದಕ್ಕೆ ಹೋಗಿ ಹಿಂದಿನ ಗೋಡೆಗೆ ಆತು ಕೂತು ನೋಡುವನು. ತನ್ನ ಅಕ್ಷರ ಮಕ್ಕಳ ಕೈಯಿಂದ ದಿನಕ್ಕೊಂದಿಷ್ಟು ಇಳಿದುಹೋಗುವುದನ್ನು ನೋಡುವುದೆಂದರೆ, ಬೋರ್ಡುಗಳನ್ನು ಎಣಿಸಿದವನಿಗೆ ಅದೇನು ಹೊಸದಲ್ಲ. ಆದರೆ ಈ ಸಲ ಇಳಿಸುವವನೂ ತಾನೇ. ಗ್ಯಾನಮ್ಮ ಎಲ್ಲರಿಗಿಂತ ತಡ ಮಾಡಿದಳು. ಪಾಟಿ ತಲೆ ಅಲ್ಲಾಡಿಸಿದಾಗ ಅವಳು ತಿರುಗಿ ಬೀರಲಿಂಗನನ್ನೇ ದುರುಗುಟ್ಟುವಳು.

"ಕಾಕಾ, ಆಗ ಹಂಗ ಬರಿ ಅಂದ್ರಿ, ಈಗ ಹಿಂಗ ಬರಿ ಅಂತೀರಿ. ನಿಮಗ ಬರಿಯಾಕ ಬರತೈತೇನು?"

"ಬರಂಗಿಲ್ಲವ್ವ," ಎಂದ ಅವನು. "ಅದಕ್ಕ ನಿನ್ನ ಸಂಗಾಟ ಕಲ್ಯಾಕ ಬಂದೀನಿ."

ಅಂದಿನಿಂದ ಅವಳು ಅವನಿಗೂ ಒಂದು ಹಾಳೆ ಹರಿದುಕೊಡತೊಡಗಿದಳು.

ಸಂಕ್ರಾಂತಿ ಆದ ಮೇಲೆ ಸಂಸ್ಥೆಯವರು ಬಂದರು, ಉಕ್ತಲೇಖನ ಬರೆಸಿದರು. ಇಪ್ಪತ್ತು ಪದ. ಹನ್ನೆರಡು ಮಕ್ಕಳೂ ಬರೆದವು. ಟ್ಯಾಬ್ ಸಾಲಗುಂದದಲ್ಲೇ ಉಳಿದವು. ಮುಕ್ಕುಂದದ ಸಾಲಿಗೂ ಪಾಟಿ ಹಾಕಿಕೊಡಿ ಎಂದು ಕೇಳಿ ಹೋದರು. ಬೀರಲಿಂಗ ಅಂದು ಒಳಗೆ ಬರಲಿಲ್ಲ, ಹೊರಗೆ ನಳದ ಹತ್ತಿರ ನಿಂತಿದ್ದ. ಟೀಚರ್ ಕಿಟಕಿಯಿಂದ ಕೈಸನ್ನೆ ಮಾಡಿ ತಿಳಿಸಿದರು.

ನಾನು ಅವನ ಜೊತೆ ಸಾಲಗುಂದಕ್ಕೆ ಹೋದದ್ದು ಇದಾದ ತಿಂಗಳಿಗೆ. ಸಾಲಿಗೆ ಹೊಸ ಕಂಪೌಂಡ್ ಗೋಡೆ ಆಗಿತ್ತು. ಅದರ ಮೇಲೆ ಸಾಲಿಯ ಹೆಸರನ್ನು ಫ್ಲೆಕ್ಸ್ ಹಾಕಿಸದೆ ಬಣ್ಣದಲ್ಲೇ ಬರೆಯಬೇಕೆಂದು ಟೀಚರ್ ಕೇಳಿದ್ದರು. ಬೀರಲಿಂಗ ಮಾಡದಿಂದ ಬ್ರಷ್ಷುಗಳನ್ನು ಇಳಿಸಿ ತಂದಿದ್ದ. ಬನಿಯನ್ನಿನ ಸುತ್ತಿನಿಂದ ಬಿಚ್ಚಿದಾಗ ಅವು ಇನ್ನೂ ಮೆತ್ತಗಿದ್ದವು. ದಾರದ ಉಂಡೆಗೆ ಸುಣ್ಣದ ಪುಡಿ ಹಚ್ಚಿದ. ಇನ್ನೊಂದು ತುದಿ ಹಿಡಿಯಲು ಗ್ಯಾನಮ್ಮ ಯಾರೂ ಕರೆಯದೆ ಓಡಿಬಂದಳು, ಬಗಲಲ್ಲಿದ್ದ ನೋಟ್‌ಬುಕ್ಕನ್ನು ನನ್ನ ಕೈಗಿತ್ತಳು.

ಒಳಗಿನ ಹಾಳೆಗಳ ತುಂಬ ಅಮೀನ್‌ಸಾಬರ ಅಕ್ಷರ ಸರಸರನೆ ನಡೆದಿತ್ತು. ಮುಚ್ಚಿ ರಟ್ಟು ನೋಡಿದೆ. ರಟ್ಟಿನ ಮೇಲೆ ಹೆಸರು, ಇಯತ್ತೆ, ಊರು. ನೀಲಿ ಪೆನ್ನಿನ ಅಕ್ಷರ, ಅಕ್ಷರದ ಎಡಕ್ಕೆ ಕೆಂಪು ಪೆನ್ನಿನ ನೆರಳು. ಕೊನೆಯ ಅಕ್ಷರಕ್ಕೂ ಆರಾಮಾಗಿ ಕೂರಲು ಜಾಗ. ಮೇಲೆ ಒಂದು ತೆಳು ಪೆನ್ಸಿಲ್ ಗೆರೆ, ತಲೆಕಟ್ಟುಗಳನ್ನು ಮೊದಲು ಹಾಕಲು ಎಳೆದದ್ದು, ಅಳಿಸಲು ಮರೆತದ್ದು.

ನಾನು ಅದನ್ನು ಬೀರಲಿಂಗನ ಕಡೆ ಹಿಡಿದೆ. ಅವನು ನೋಡಿದ. ಉಗುರಿನ ನೀಲಿ ಗೆರೆಯ ಬೆರಳಿನಿಂದ ಪೆನ್ಸಿಲ್ ಗೆರೆಯನ್ನು ಒಂದು ಸಲ ಮುಟ್ಟಿದ.

"ಇದನ್ನ ಪಾಟಿ ಕಲಿಸಿಲ್ರಿ," ಎಂದ. "ನೆರಳು ನಾ ಅದರಾಗ ಹಾಕಿದ್ದಿಲ್ಲ. ಎಲ್ಲಿ ನೋಡಿದ್ಲೋ ಏನೋ."

ನಾನು ನೋಟ್‌ಬುಕ್ಕು ಮುಚ್ಚಿ, ತಲೆಕಟ್ಟು ಮೊದಲು ಹಾಕುವುದು ಬರೀ ಸಾಲು ಅಳೆಯಲಿಕ್ಕೇನು ಎಂದು ಕೇಳಿದೆ, ಏನಾದರೂ ಕೇಳಬೇಕೆಂದು.

"ಅಷ್ಟ ಅಲ್ರಿ. ಗೋಡಿ ಖಾಲಿ ಇದ್ದಾಗನ ಎಲ್ಲಾರಿಗೂ ಜಾಗ ಹಿಡದಂಗ ಆಗತೈತಿ. ಮೈ ಬರಿಯಾಕ ನಾವು ತಡ ಮಾಡಿದ್ರೂ, ನಾಳೆ ಬಂದ್ರೂ, ಬ್ಯಾರೆಯವ್ರು ಬಂದು ಬರದ್ರೂ..."

"ಕಾಕಾ, ಕೈ ನೋಯಾಕತ್ತೈತಿ! ಎಳೀರಿ ಬರ್ರಿ!" ಗೋಡೆಯ ಆ ತುದಿಯಿಂದ ಗ್ಯಾನಮ್ಮ ಕೂಗಿದಳು. ದಾರ ಅವಳ ಮುಷ್ಟಿಯಲ್ಲಿ ಸಡಿಲಾಗಿ ತೂಗುತ್ತಿತ್ತು.

"ಬಂದೆ ಬಂದೆ, ಬಿಡಬ್ಯಾಡ," ಎಂದು ಅವನು ಉಂಡೆ ಎತ್ತಿಕೊಂಡ. "ಬ್ಯಾರೆಯವ್ರು ಬರದ್ರೂ ರೀ, ಆ ಅಕ್ಷರ ಕುಂದ್ರೋದು ಮಾತ್ರ ನಾವು ಹಾಕಿದ ತಲೆಕಟ್ಟಿನ ಕೆಳಗ," ಎನ್ನುತ್ತ, ದಾರ ಬಿಚ್ಚಿಕೊಳ್ಳುತ್ತ, ಗೋಡೆಯಗುಂಟ ಈ ತುದಿಗೆ ನಡೆದ.